ತಸ್ಲೀಸ್ ಎಂದರೇನು? ಕ್ರೈಸ್ತರೊಳಗೇ ಇರುವ ಬೇರೆ ಬೇರೆ ತಿಳುವಳಿಕೆಗಳು

"ಕ್ರೈಸ್ತರು ಮೂರು ದೇವರನ್ನು ನಂಬುತ್ತಾರೆ." ನಮ್ಮ ಮನೆಗಳಲ್ಲಿ, ಮಕ್ಕಳ ಬಾಯಲ್ಲಿ, ಮೊಬೈಲಿಗೆ ಬಂದು ಬೀಳುವ ಚರ್ಚೆಯ ತುಣುಕುಗಳಲ್ಲಿ ಈ ವಾಕ್ಯವನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಇದೇ ಮಾತನ್ನು ಒಬ್ಬ ಕ್ರೈಸ್ತರ ಎದುರು ಹೇಳಿ ನೋಡಿ. ಅವರು ಮಂಗಳೂರು ಕಡೆಯ ಕ್ಯಾಥೊಲಿಕರಿರಲಿ, ಸಿಎಸ್‌ಐ ಚರ್ಚಿನವರಿರಲಿ, ಕೇರಳದ ಸಿರಿಯನ್ ಆರ್ಥೊಡಾಕ್ಸರಿರಲಿ, "ಇಲ್ಲಪ್ಪಾ, ನಾವು ನಂಬೋದು ಒಬ್ಬನೇ ದೇವರನ್ನ" ಅನ್ನುತ್ತಾರೆ. ಆ ಒಬ್ಬ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಇದ್ದಾರೆ ಎಂದೂ ಹೇಳುತ್ತಾರೆ. ಹಾಗಾದರೆ ಒಂದೋ ಮೂರೋ ಅಂತ ನಾವು ಕೇಳುತ್ತೇವೆ. ಅಲ್ಲಿಗೆ ಮಾತು ನಿಂತು ಹೋಗುತ್ತದೆ, ಇಲ್ಲವೇ ಜಗಳವಾಗುತ್ತದೆ.

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಯಂಥ ಊರುಗಳಲ್ಲಿ ಬದುಕುವ ನಮಗೆ ಕ್ರೈಸ್ತ ನೆರೆಯವರು, ಸಹೋದ್ಯೋಗಿಗಳು ಇದ್ದೇ ಇರುತ್ತಾರೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಕಾನ್ವೆಂಟಿನಲ್ಲೇ ಓದುತ್ತಾರೆ. ಅವರ ನಂಬಿಕೆಯನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅವರು ಹೇಳದೇ ಇರೋದನ್ನು ಅವರ ಬಾಯಿಗೆ ಹಾಕುವುದು ಸುಳ್ಳು ಸಾಕ್ಷಿಯಾಗುತ್ತದೆ. ಒಂದು ಜನಾಂಗದ ಮೇಲಿನ ಅಸಮಾಧಾನ ನಿಮ್ಮನ್ನು ನ್ಯಾಯದಿಂದ ದೂರ ಮಾಡದಿರಲಿ ಎಂಬ ಆದೇಶ ಅಲ್‌ಮಾಇದಾ ಅಧ್ಯಾಯದಲ್ಲೇ ಇದೆ. ಅಹ್ಲೆ ಕಿತಾಬ್ ಎಲ್ಲರೂ ಒಂದೇ ತರಹ ಇಲ್ಲ ಎಂದು ಆಲಿ ಇಮ್ರಾನ್ ಅಧ್ಯಾಯ ಹೇಳುತ್ತದೆ. ಆದ್ದರಿಂದ ಈ ತಸ್ಲೀಸ್ ಅಥವಾ ತ್ರಿತ್ವ ಎಂದರೇನು, ಅದನ್ನು ಕ್ರೈಸ್ತರು ಎಷ್ಟು ಬಗೆಯಲ್ಲಿ ಅರ್ಥ ಮಾಡಿಕೊಂಡಿದ್ದಾರೆ, ಅದನ್ನು ಒಪ್ಪದ ಕ್ರೈಸ್ತರು ಯಾರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಪದಗಳು

'ತ್ರಿತ್ವ' ಎಂಬ ಪದ ಬೈಬಲಿನಲ್ಲಿ ಇಲ್ಲ. ಇದನ್ನು ಕ್ರೈಸ್ತ ಪಂಡಿತರೇ ಒಪ್ಪುತ್ತಾರೆ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂರೂ ಹೆಸರು ಒಟ್ಟಿಗೆ ಬರುತ್ತವೆ. ಯೋಹಾನನ ಸುವಾರ್ತೆ ಯೇಸುವನ್ನು ದೇವರ ವಾಕ್ಯ, ಅಂದರೆ ಕಲಿಮಾ, ಎಂದು ಕರೆದು ಶುರುವಾಗುತ್ತದೆ. ಆದರೆ ಈ ಮೂವರ ಸಂಬಂಧ ಏನು ಎಂಬ ಸಿದ್ಧಾಂತ ಆಮೇಲೆ ಬೆಳೆದದ್ದು. ಸುಮಾರು 180ರಲ್ಲಿ ಅಂತಿಯೋಕ್ಯದ ಥಿಯೋಫಿಲಸ್ ಗ್ರೀಕಿನಲ್ಲಿ 'ತ್ರಿಯಾಸ್' ಎಂಬ ಪದ ಬಳಸಿದರು. ಅದಾಗಿ ಕೆಲವು ದಶಕಗಳಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ತೆರ್ತುಲಿಯನ್ ಲ್ಯಾಟಿನ್ನಿನಲ್ಲಿ 'ತ್ರಿನಿತಾಸ್' ಎಂದರು. ಒಂದು 'ಸುಬ್ಸ್ತಾನ್ಸಿಯಾ', ಮೂರು 'ಪೆರ್ಸೋನಾ' ಎಂಬ ಸೂತ್ರವೂ ಅವರ ಬರಹಗಳಿಂದ ಬೆಳೆದದ್ದು.

ಗೊಂದಲ ಶುರುವಾಗುವುದು ಇಲ್ಲೇ. 'ಪೆರ್ಸೋನಾ' ಅಂದರೆ ಮೂಲದಲ್ಲಿ ನಾಟಕದವರು ಹಾಕುವ ಮುಖವಾಡ, ಪಾತ್ರ. ಇಂಗ್ಲಿಷಿನಲ್ಲಿ ಅದು 'ಪರ್ಸನ್' ಆಯಿತು, ಕನ್ನಡದಲ್ಲಿ 'ವ್ಯಕ್ತಿ' ಆಯಿತು. ವ್ಯಕ್ತಿ ಎಂದ ಕೂಡಲೇ ನಮ್ಮ ಕಣ್ಣೆದುರು ಬೇರೆ ಬೇರೆ ಮೂವರು ಕೂತಿರುವ ಚಿತ್ರ ಬರುತ್ತದೆ. ಉರ್ದು ಮತ್ತು ಅರಬಿಯ ಕ್ರೈಸ್ತರು ಈ ಜಾಗದಲ್ಲಿ 'ಶಖ್ಸ್' ಅನ್ನದೆ 'ಉಕ್ನೂಮ್' ಎನ್ನುತ್ತಾರೆ, ಬಹುವಚನ 'ಅಕಾನೀಮ್'. ಇದು ಸಿರಿಯಾಕ್ ಭಾಷೆಯಿಂದ ಬಂದ ಪದ. ಮನುಷ್ಯರಿಗೆ ದಿನನಿತ್ಯ ಬಳಸದ ಪದವಾದ್ದರಿಂದ ಅದು ಮೂವರು ಮನುಷ್ಯರ ಚಿತ್ರ ಕೊಡುವುದಿಲ್ಲ. ಎರಡೂ ಭಾಷೆಯಲ್ಲಿ ಪಾಠ ಮಾಡುವ ನನಗೆ ಕನ್ನಡದ 'ವ್ಯಕ್ತಿ'ಗಿಂತ ಉರ್ದುವಿನ 'ಉಕ್ನೂಮ್' ಅವರ ಅರ್ಥಕ್ಕೆ ಹತ್ತಿರ ಅನ್ನಿಸುತ್ತದೆ.

'ಮಗ' ಎಂಬ ಪದವೂ ಹಾಗೆಯೇ. ದೇವರಿಗೆ ಹೆಂಡತಿ ಇದ್ದು ಮಗ ಹುಟ್ಟಿದ ಎಂದು ಯಾವ ಮುಖ್ಯ ಚರ್ಚೂ ಕಲಿಸುವುದಿಲ್ಲ. ಹಾಗೆ ಹೇಳಿದರೆ ಅವರಿಗೂ ಅದು ದೇವನಿಂದೆಯೇ. ದೀಪದಿಂದ ಬೆಳಕು ಬರುವಂತೆ, ಮನಸ್ಸಿನಿಂದ ಮಾತು ಬರುವಂತೆ, ಕಾಲಕ್ಕೆ ಮುಂಚೆಯೇ ತಂದೆಯಿಂದ ಮಗ ಎಂಬುದು ಅವರ ವಿವರಣೆ. ಹಾಗೆಯೇ ಹಜ್ರತ್ ಮರ್ಯಮ್(ಅ) ತ್ರಿತ್ವದ ಮೂವರಲ್ಲಿ ಒಬ್ಬರಲ್ಲ. ಅಲ್‌ಮಾಇದಾದ 116ನೇ ವಚನದಲ್ಲಿ ಈಸಾ(ಅ) ಮತ್ತು ಅವರ ತಾಯಿಯನ್ನು ಆರಾಧಿಸುವ ಪ್ರಸ್ತಾಪ ಇದೆ ನಿಜ. ಆ ವಚನದಲ್ಲಿ ಖಂಡನೆ ಇರುವುದು ಆರಾಧನೆಯ ಬಗ್ಗೆ. ಚರ್ಚುಗಳ ತ್ರಿತ್ವ ಸೂತ್ರದಲ್ಲಿ ಮರ್ಯಮ್ ಇದ್ದಾರೆ ಎಂದು ಅದರಿಂದ ಅರ್ಥ ಹೊರಡಿಸಬೇಕಾಗಿಲ್ಲ. ಕ್ಯಾಥೊಲಿಕರು ಮಾತೆ ಮರಿಯಮ್ಮನಿಗೆ ಕೊಡುವ ಗೌರವ ಬೇರೆ ವಿಷಯ, ಅದರ ಬಗ್ಗೆ ಪ್ರೊಟೆಸ್ಟೆಂಟರೇ ಅವರೊಡನೆ ಜಗಳವಾಡುತ್ತಾರೆ.

ನೈಸಿಯಾದ ಜಗಳ

ನಾಲ್ಕನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಏರಿಯಸ್ ಎಂಬ ಪಾದ್ರಿ ಇದ್ದರು. ತಂದೆಯಾದ ದೇವರೊಬ್ಬನೇ ಆದಿಯಿಲ್ಲದವನು, ಮಗ ಎಲ್ಲ ಸೃಷ್ಟಿಗಿಂತ ಮೊದಲಿನವನಾದರೂ ಅವನೂ ಸೃಷ್ಟಿಯೇ, ಅವನಿಲ್ಲದ ಒಂದು ಸ್ಥಿತಿ ಇತ್ತು ಎಂದು ಅವರ ವಾದ. ಅವರ ಬಿಷಪ್ ಅಲೆಕ್ಸಾಂಡರ್ ಇದನ್ನು ಒಪ್ಪಲಿಲ್ಲ. ಜಗಳ ಊರಿಂದ ಊರಿಗೆ ಹಬ್ಬಿತು. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಇಂದಿನ ಟರ್ಕಿಯ ಇಜ್ನಿಕ್, ಅಂದಿನ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. ಮಗನು ತಂದೆಯೊಡನೆ 'ಹೋಮೋಊಸಿಯೋಸ್', ಅಂದರೆ ಒಂದೇ ಸತ್ವದವನು, ಸೃಷ್ಟಿಯಾದವನಲ್ಲ ಎಂದು ಸಭೆ ತೀರ್ಮಾನಿಸಿತು.

ನಮ್ಮವರಲ್ಲಿ ಕೆಲವರು ನೈಸಿಯಾದಲ್ಲಿ ಬೈಬಲನ್ನೇ ಬದಲಾಯಿಸಿದರು, ಯಾವ ಸುವಾರ್ತೆ ಇಟ್ಟುಕೊಳ್ಳಬೇಕು ಅಂತ ವೋಟು ಹಾಕಿದರು ಎಂದು ಹೇಳುವುದುಂಟು. ಆ ಸಭೆಯ ಉಳಿದಿರುವ ತೀರ್ಮಾನಗಳಲ್ಲಿ ಅಂಥದ್ದೇನೂ ಇಲ್ಲ. ಚರ್ಚೆಯಾದದ್ದು ಏರಿಯಸ್ಸರ ವಾದ, ಈಸ್ಟರ್ ದಿನಾಂಕ, ಚರ್ಚಿನ ಶಿಸ್ತಿನ ನಿಯಮಗಳು.

ಸಭೆ ಮುಗಿದ ಮೇಲೂ ವಿವಾದ ಮುಗಿಯಲಿಲ್ಲ. ನೈಸಿಯಾದ ಪರವಾಗಿ ನಿಂತ ಅಥನೇಸಿಯಸ್ ಐದು ಸಲ ಗಡಿಪಾರಾದರು. ಕೆಲವು ಚಕ್ರವರ್ತಿಗಳು ಏರಿಯನ್ ಪಕ್ಷದ ಕಡೆಗೇ ವಾಲಿದರು. ಗಾಥ್, ವ್ಯಾಂಡಲ್ ಮೊದಲಾದ ಜನಾಂಗಗಳು ಶತಮಾನಗಳವರೆಗೆ ಏರಿಯನ್ ಕ್ರೈಸ್ತರಾಗಿಯೇ ಇದ್ದರು. ಬಸಿಲ್, ಅವರ ತಮ್ಮ ನಿಸ್ಸಾದ ಗ್ರೆಗೊರಿ, ಗೆಳೆಯ ನಾಜಿಯಾನ್ಸಸ್‌ನ ಗ್ರೆಗೊರಿ ಎಂಬ ಮೂವರು 'ಒಂದು ಊಸಿಯಾ, ಮೂರು ಹೈಪೋಸ್ಟಾಸಿಸ್' ಎಂದು ಪದಗಳನ್ನು ಬಿಡಿಸಿಟ್ಟರು. ಊಸಿಯಾ ಎಂದರೆ ದೇವರು ಏನು ಎಂಬುದಕ್ಕೆ ಉತ್ತರ, ಹೈಪೋಸ್ಟಾಸಿಸ್ ಎಂದರೆ ಯಾರು ಎಂಬುದಕ್ಕೆ ಉತ್ತರ ಎಂದು ಸರಳವಾಗಿ ಹೇಳಬಹುದು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಪವಿತ್ರಾತ್ಮನ ದೈವತ್ವವೂ ಸೇರಿ ಸಿದ್ಧಾಂತಕ್ಕೆ ಇಂದಿನ ರೂಪ ಬಂತು. ಇಂದು ಬಹುಪಾಲು ಚರ್ಚುಗಳಲ್ಲಿ ಹೇಳುವ ನೈಸಿಯಾ ವಿಶ್ವಾಸಸಂಗ್ರಹ ಈ ಎರಡು ಸಭೆಗಳ ಹೆಸರಿನಲ್ಲಿ ನಿಂತಿದೆ.

ಈ ಸಿದ್ಧಾಂತಕ್ಕೆ ಎರಡು ಬದಿಯಲ್ಲೂ ಬೇಲಿ ಇದೆ. ಒಬ್ಬನೇ ದೇವರು ಮೂರು ವೇಷದಲ್ಲಿ ಕಾಣಿಸಿಕೊಂಡ, ಒಮ್ಮೆ ತಂದೆಯಾಗಿ, ಒಮ್ಮೆ ಮಗನಾಗಿ ಅಂದರೆ ಅದು ಮೂರನೇ ಶತಮಾನದ ಸಬೆಲಿಯಸ್ ಹೆಸರಿನ ತಪ್ಪು ಮತ. ಮೂರು ಬೇರೆ ಬೇರೆ ದೈವಿಕ ಸತ್ವಗಳಿವೆ ಅಂದರೆ ಅದೂ ತಪ್ಪು ಮತ. ಆರನೇ ಶತಮಾನದ ಅಲೆಕ್ಸಾಂಡ್ರಿಯಾದ ತತ್ವಜ್ಞಾನಿ ಜಾನ್ ಫಿಲೊಪೊನಸ್ ಹಾಗೆ ವಾದಿಸಿದ್ದಕ್ಕೆ ಚರ್ಚು ಅವರನ್ನು 'ಮೂರು ದೇವರವನು' ಎಂದು ಖಂಡಿಸಿತು. ಅಂದರೆ ನಾವು ಅವರ ಮೇಲೆ ಹೊರಿಸುವ ಆರೋಪ ಅವರ ಕಾನೂನಿನಲ್ಲೇ ಅಪರಾಧ!

ಶಾಲೆಯಲ್ಲಿ ಮಕ್ಕಳಿಗೆ ನೀರು, ಮಂಜುಗಡ್ಡೆ, ಆವಿಯ ಉದಾಹರಣೆ ಹೇಳಿ ತ್ರಿತ್ವ ವಿವರಿಸುವ ಪಾದ್ರಿಗಳು ಈಗಲೂ ಇದ್ದಾರೆ. ಆದರೆ ಅದೇ ನೀರು ಒಮ್ಮೆ ಮಂಜು, ಒಮ್ಮೆ ಆವಿ ಆಗುವುದರಿಂದ ಅದು ಸಬೆಲಿಯಸ್ ಮತಕ್ಕೆ ಹೋಗುತ್ತದೆ. ಒಂದು ಮೊಟ್ಟೆಯಲ್ಲಿ ಚಿಪ್ಪು, ಬಿಳಿ, ಹಳದಿ ಅಂದರೆ ದೇವರನ್ನು ಮೂರು ತುಂಡು ಮಾಡಿದಂತೆ. ಆದ್ದರಿಂದ ದೊಡ್ಡ ದೇವಶಾಸ್ತ್ರಿಗಳು ಉದಾಹರಣೆ ಕೊಡುವಾಗಲೇ ಇದು ಪೂರ್ತಿ ಸರಿಯಲ್ಲ ಅಂತ ಸೇರಿಸುತ್ತಾರೆ. ನಾವು ವಾದ ಗೆಲ್ಲಲು ಹಿಡಿದುಕೊಳ್ಳುವುದು ಬಹಳ ಸಲ ಇಂಥ ಮುರುಕು ಉದಾಹರಣೆಗಳನ್ನೇ.

ಪೂರ್ವ, ಪಶ್ಚಿಮ

ತ್ರಿತ್ವ ಒಪ್ಪುವವರಲ್ಲೂ ಒಂದೇ ಮಾತಿಲ್ಲ. ಗ್ರೀಕ್, ರಷ್ಯನ್ ಮೊದಲಾದ ಪೂರ್ವದ ಚರ್ಚುಗಳು ತಂದೆಯಿಂದ ಶುರು ಮಾಡುತ್ತವೆ. ತಂದೆಯೇ ಮೂಲ, ಊಟೆ. ಮಗ ಅವನಿಂದ, ಆತ್ಮವೂ ಅವನಿಂದ. ಪಶ್ಚಿಮದಲ್ಲಿ ಐದನೇ ಶತಮಾನದ ಅಗಸ್ಟಿನ್ ದೇವರ ಒಂದೇ ಸತ್ವದಿಂದ ಶುರು ಮಾಡಿದರು. ಮನುಷ್ಯನ ಒಂದೇ ಮನಸ್ಸಿನಲ್ಲಿ ನೆನಪು, ಅರಿವು, ಇಚ್ಛೆ ಇರುವ ಹಾಗೆ ಎಂದು ಅವರ ಹೋಲಿಕೆ.

ಈ ವ್ಯತ್ಯಾಸ ಕೊನೆಗೆ ಒಂದೇ ಒಂದು ಪದದ ಮೇಲೆ ಬಂದು ನಿಂತಿತು. ಪವಿತ್ರಾತ್ಮನು ತಂದೆಯಿಂದ ಹೊರಡುತ್ತಾನೆ ಎಂದಿದ್ದ ವಿಶ್ವಾಸಸಂಗ್ರಹಕ್ಕೆ ಪಶ್ಚಿಮದವರು 'ಫಿಲಿಯೋಕ್ವೆ', ಅಂದರೆ 'ಮಗನಿಂದಲೂ', ಎಂದು ಸೇರಿಸಿದರು. 589ರಲ್ಲಿ ಸ್ಪೇನಿನ ತೊಲೆದೊ ಸಭೆಯಲ್ಲಿ, ಏರಿಯನ್ನರಾಗಿದ್ದ ಗಾಥ್ ರಾಜ ಮತ ಬದಲಿಸಿದ ಸಂದರ್ಭದಲ್ಲಿ, ಈ ಬೋಧನೆಗೆ ಒತ್ತು ಬಿತ್ತು. ಮಗನು ತಂದೆಗಿಂತ ಕಡಿಮೆಯಲ್ಲ ಎಂದು ತೋರಿಸುವುದು ಇದರ ಉದ್ದೇಶ. ರೋಮ್ ಬಹಳ ಕಾಲ ಹಿಂಜರಿಯಿತು. 1014ರಲ್ಲಿ ರೋಮಿನ ಪೂಜೆಯಲ್ಲೂ ಅದು ಸೇರಿತು. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಬೇರೆಯಾದಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು. ಇಂದಿಗೂ ಆರ್ಥೊಡಾಕ್ಸ್ ಚರ್ಚುಗಳು ಆ ಪದವನ್ನು ಹೇಳುವುದಿಲ್ಲ.

ಇಲ್ಲಿ ಒಂದು ವಿಷಯ ಬೇರೆ ಮಾಡಿಕೊಳ್ಳಬೇಕು. 431ರ ಎಫೆಸಸ್, 451ರ ಕಾಲ್ಸೆಡನ್ ಸಭೆಗಳ ನಂತರ ಒಡೆದ ಚರ್ಚುಗಳು, ಅಂದರೆ ಕಾಪ್ಟಿಕ್, ಅರ್ಮೇನಿಯನ್, ಸಿರಿಯನ್ ಆರ್ಥೊಡಾಕ್ಸ್, ಪೂರ್ವದ ಅಸ್ಸೀರಿಯನ್ ಚರ್ಚು, ಇವೆಲ್ಲ ತ್ರಿತ್ವವನ್ನು ಒಪ್ಪುತ್ತವೆ. ಅವರ ಜಗಳ ಯೇಸುವಿನಲ್ಲಿ ದೈವಿಕ ಸ್ವಭಾವ, ಮಾನವ ಸ್ವಭಾವ ಹೇಗೆ ಕೂಡಿವೆ ಎಂಬುದರ ಬಗ್ಗೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಇಷ್ಟು ಪಂಗಡಗಳು ಯಾಕೆ ಎಂದು ಕೇಳುವವರಿಗೆ ಇದರ ಒಂದು ತುದಿ ಅಲ್ಲಿ ಸಿಗುತ್ತದೆ.

ಬಾಗ್ದಾದಿನ ಮಾತುಕತೆ

ನಮ್ಮ ಹಿರಿಯರಿಗೆ ಈ ಭೇದಗಳೆಲ್ಲ ಚೆನ್ನಾಗಿ ಗೊತ್ತಿದ್ದವು. 1153ರಲ್ಲಿ ತೀರಿಕೊಂಡ ಇಮಾಮ್ ಶಹ್ರಸ್ತಾನಿ ತಮ್ಮ 'ಅಲ್‌ಮಿಲಲ್ ವನ್ನಿಹಲ್' ಗ್ರಂಥದಲ್ಲಿ ಕ್ರೈಸ್ತರನ್ನು ಮಲ್ಕಾನಿಯ್ಯಾ, ನಸ್ತೂರಿಯ್ಯಾ, ಯಾಕೂಬಿಯ್ಯಾ ಎಂದು ಬಿಡಿಸಿ, ಒಬ್ಬೊಬ್ಬರ ವಾದವನ್ನೂ ಬೇರೆಯಾಗಿ ಬರೆದಿದ್ದಾರೆ. ಅದಕ್ಕೂ ಮುಂಚೆ, ಒಂಬತ್ತನೇ ಶತಮಾನದಲ್ಲಿ, ಅಬೂ ಈಸಾ ಅಲ್‌ವರ್ರಾಕ್ ಇದೇ ಮೂರು ಪಂಗಡಗಳ ತಸ್ಲೀಸ್ ವಾದವನ್ನು ಮೊದಲು ಸರಿಯಾಗಿ ವಿವರಿಸಿ, ಆಮೇಲೆ ಖಂಡಿಸಿದರು.

781ರ ಸುಮಾರಿಗೆ ಖಲೀಫಾ ಅಲ್‌ಮಹ್ದಿ ಪೂರ್ವದ ಚರ್ಚಿನ ಮುಖ್ಯಸ್ಥ ತಿಮೊಥಿಯನ್ನು ಕರೆಸಿ ಎರಡು ದಿನ ಪ್ರಶ್ನೆ ಕೇಳಿದರು. ಸೂರ್ಯ, ಅದರ ಬೆಳಕು, ಅದರ ಶಾಖ, ಮೂರಿದ್ದರೂ ಸೂರ್ಯ ಒಂದೇ ಎಂಬಂಥ ಹೋಲಿಕೆಗಳನ್ನು ತಿಮೊಥಿ ಕೊಟ್ಟರು. ಖಲೀಫಾ ಒಪ್ಪಲಿಲ್ಲ, ಆದರೆ ಮಾತು ಮರ್ಯಾದೆಯಿಂದ ನಡೆಯಿತು. ಮುಂದೆ ತತ್ವಜ್ಞಾನಿ ಅಲ್‌ಕಿಂದಿ ತಸ್ಲೀಸ್ ವಿರುದ್ಧ ಬರೆದರು. ಅದಕ್ಕೆ ಉತ್ತರ ಬರೆದವರು ಅಲ್‌ಫಾರಾಬಿಯ ಶಿಷ್ಯರಾಗಿದ್ದ ಕ್ರೈಸ್ತ ಪಂಡಿತ ಯಹ್ಯಾ ಇಬ್ನ್ ಅದೀ.

ಅರಬಿ ಕ್ರೈಸ್ತರು ಒಂದು ಜಾಣ ದಾರಿ ಹಿಡಿದಿದ್ದರು. ಅಲ್ಲಾಹನಿಗೆ ಜ್ಞಾನ ಇದೆ, ಜೀವ ಇದೆ ಅಂತ ನೀವೂ ಹೇಳುತ್ತೀರಿ, ಆ ಸಿಫಾತ್‌ಗಳು ಅವನ ಜಾತ್‌ನಿಂದ ಬೇರೆಯೋ ಅಲ್ಲವೋ ಎಂದು ಕೇಳಿದರು. ಇದು ನಮ್ಮ ಒಳಮನೆಯ ಪ್ರಶ್ನೆಯೂ ಆಗಿತ್ತು. ಮುಅತಜಿಲಾ ಪಂಥದವರು ಸಿಫಾತ್‌ಗಳು ಜಾತ್‌ನಿಂದ ಬೇರೆಯಲ್ಲ ಎಂದರು. ಅವು ಅವನೇ ಅಲ್ಲ, ಅವನಲ್ಲದ್ದೂ ಅಲ್ಲ ಎಂಬುದು ಅಶ್ಅರಿಗಳ ಉತ್ತರ. ಕುರ್‌ಆನ್ ಸೃಷ್ಟಿಯೋ ಅಲ್ಲವೋ ಎಂಬ ವಿವಾದ 833ರಲ್ಲಿ ಪರೀಕ್ಷೆಯ ರೂಪ ತಳೆದಾಗ ಖಲೀಫಾ ಮಅಮೂನ್ ಕೊಟ್ಟ ಕಾರಣ ನೋಡಿ. ಕುರ್‌ಆನ್ ಸೃಷ್ಟಿಯಲ್ಲ ಅನ್ನುವವರು ಈಸಾ(ಅ) ದೇವರ ಕಲಿಮಾ, ಆದ್ದರಿಂದ ಸೃಷ್ಟಿಯಲ್ಲ ಎನ್ನುವ ಕ್ರೈಸ್ತರ ಹಾಗೆ ಮಾತಾಡುತ್ತಾರೆ ಅಂತ. ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಛಡಿ ಏಟು ತಿಂದರೂ ಅದಕ್ಕೆ ಮಣಿಯಲಿಲ್ಲ. ಕಲಾಮಿಗೂ ಉಕ್ನೂಮಿಗೂ ಬಹಳ ಅಂತರ ಇದೆ, ನಮ್ಮಲ್ಲಿ ಯಾರೂ ಸಿಫತ್‌ಗೆ ಇಬಾದತ್ ಮಾಡುವುದಿಲ್ಲ, ಯಾವ ಸಿಫತ್ ಕೂಡ ಮನುಷ್ಯನಾಗಿ ಹುಟ್ಟಲಿಲ್ಲ. ಆದರೂ ದೇವರ ಏಕತೆಯನ್ನು ಪದಗಳಲ್ಲಿ ಹಿಡಿಯುವುದು ಸುಲಭವಲ್ಲ ಎಂಬುದು ಈ ಇತಿಹಾಸದಿಂದ ಗೊತ್ತಾಗುತ್ತದೆ.

ತ್ರಿತ್ವ ಒಪ್ಪದ ಕ್ರೈಸ್ತರು

ಸುಧಾರಣೆಯ ಕಾಲದಲ್ಲಿ ಲೂಥರ್, ಕ್ಯಾಲ್ವಿನ್ ಪೋಪನ ಅನೇಕ ಬೋಧನೆಗಳನ್ನು ಬಿಟ್ಟರೂ ತ್ರಿತ್ವವನ್ನು ಬಿಡಲಿಲ್ಲ. ಬಿಟ್ಟವರ ಗತಿ ಬೇರೆಯಾಯಿತು. ಸ್ಪೇನಿನ ವೈದ್ಯ ಮೈಕೆಲ್ ಸರ್ವೆಟಸ್ 1531ರಲ್ಲಿ ತ್ರಿತ್ವದ ತಪ್ಪುಗಳ ಬಗ್ಗೆ ಪುಸ್ತಕ ಬರೆದರು. 1553ರಲ್ಲಿ ಕ್ಯಾಲ್ವಿನ್ನರ ಜಿನೀವಾದಲ್ಲೇ ಅವರನ್ನು ಸುಟ್ಟರು. ಟ್ರಾನ್ಸಿಲ್ವೇನಿಯಾದಲ್ಲಿ 1568ರ ತೊರ್ದಾ ಆಜ್ಞೆಯಿಂದ ಬೋಧಕರಿಗೆ ತಮ್ಮ ತಿಳುವಳಿಕೆಯಂತೆ ಸಾರುವ ಸ್ವಾತಂತ್ರ್ಯ ಸಿಕ್ಕಿತು. ಅಲ್ಲಿ ಫೆರೆಂಕ್ ಡೇವಿಡ್ ಕಟ್ಟಿದ ಯುನಿಟೇರಿಯನ್ ಚರ್ಚು ಇಂದೂ ಇದೆ, ಆದರೆ ಡೇವಿಡ್ 1579ರಲ್ಲಿ ಸೆರೆಮನೆಯಲ್ಲೇ ಸತ್ತರು. ವಿಜ್ಞಾನಿ ನ್ಯೂಟನ್ ತ್ರಿತ್ವವನ್ನು ನಂಬುತ್ತಿರಲಿಲ್ಲ, ಆದರೆ ಬದುಕಿರುವವರೆಗೆ ಅದನ್ನು ಬಹಿರಂಗ ಮಾಡಲಿಲ್ಲ. ಬ್ರಿಟನ್ನಿನಲ್ಲಿ ತ್ರಿತ್ವ ನಿರಾಕರಿಸುವವರಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1813ರಲ್ಲಿ.

ನಮ್ಮ ದೇಶದಲ್ಲೂ ಇದರ ಎಳೆಗಳಿವೆ. ಚೆನ್ನೈಯಲ್ಲಿ 1795ರಲ್ಲೇ ವಿಲಿಯಂ ರಾಬರ್ಟ್ಸ್ ಎಂಬ ತಮಿಳು ಕ್ರೈಸ್ತರು ಯುನಿಟೇರಿಯನ್ ಸಭೆ ಆರಂಭಿಸಿದರು. ಪಾರ್ಸಿ, ಅರಬಿ ಬಲ್ಲ ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನು ಮಾತ್ರ ಆರಿಸಿ ಪ್ರಕಟಿಸಿದರು. ಸೆರಾಂಪುರದ ಮಿಷನರಿ ಜೋಶುವಾ ಮಾರ್ಶ್‌ಮನ್ ಸಿಟ್ಟಾದರು, ಇಬ್ಬರ ನಡುವೆ ವರ್ಷಗಟ್ಟಲೆ ಬರಹದ ವಾದ ನಡೆಯಿತು. ಆ ಕಾಲದಲ್ಲೇ ವಿಲಿಯಂ ಆಡಮ್ ಎಂಬ ಬ್ಯಾಪ್ಟಿಸ್ಟ್ ಮಿಷನರಿ ರಾಯರ ಸಹವಾಸದಲ್ಲಿ ತಾವೇ ಯುನಿಟೇರಿಯನ್ ಆದರು. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ 1887ರಲ್ಲಿ ಹಾಜೊಮ್ ಕಿಸ್ಸೊರ್ ಸಿಂಗ್ ಆರಂಭಿಸಿದ ಯುನಿಟೇರಿಯನ್ ಸಭೆಗಳು ಇಂದಿಗೂ ನಡೆಯುತ್ತಿವೆ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು ಇದಕ್ಕೆ ಎದುರು ದಿಕ್ಕಿನವರು. ಅವರು ತ್ರಿತ್ವವನ್ನು ಬಿಡದೆ ಸತ್, ಚಿತ್, ಆನಂದ ಎಂಬ ವೇದಾಂತದ ಪದಗಳಲ್ಲಿ ಅದನ್ನು ಹಾಡಿದರು.

ಇಂದು ನಮ್ಮ ಬಾಗಿಲು ತಟ್ಟಿ ಪುಸ್ತಿಕೆ ಕೊಡುವ ಯೆಹೋವನ ಸಾಕ್ಷಿಗಳು ತ್ರಿತ್ವವನ್ನು ಒಪ್ಪುವುದಿಲ್ಲ. ಯೇಸು ದೇವರ ಮೊದಲ ಸೃಷ್ಟಿ, ಪವಿತ್ರಾತ್ಮ ಅಂದರೆ ದೇವರ ಶಕ್ತಿ ಎಂದು ಅವರ ನಂಬಿಕೆ, ಏರಿಯಸ್ಸರ ಮಾತಿಗೆ ಹತ್ತಿರ. ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದಕ್ಕೆ ಕೇರಳದ ಶಾಲೆಯಿಂದ ಹೊರಹಾಕಲ್ಪಟ್ಟು, 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೂವರು ಮಕ್ಕಳು ಇದೇ ಪಂಗಡದವರು. ಧಾರ್ಮಿಕ ಸ್ವಾತಂತ್ರ್ಯದ ಪ್ರಶ್ನೆ ಬಂದಾಗಲೆಲ್ಲ ನಾವೆಲ್ಲ ಉಲ್ಲೇಖಿಸುವ ಬಿಜೋ ಎಮ್ಯಾನುಯೆಲ್ ಪ್ರಕರಣ ಅದೇ. ಪೆಂಟೆಕೊಸ್ತರಲ್ಲಿ 'ಒನ್‌ನೆಸ್' ಎಂಬ ಗುಂಪು 1913ರಿಂದ 1916ರ ನಡುವೆ ಅಮೆರಿಕದಲ್ಲಿ ಬೇರೆಯಾಯಿತು. ತಂದೆ, ಮಗ, ಆತ್ಮ ಎಲ್ಲವೂ ಒಬ್ಬ ಯೇಸುವೇ, ದೀಕ್ಷಾಸ್ನಾನ ಯೇಸುವಿನ ಹೆಸರಿನಲ್ಲಿ ಮಾತ್ರ ಎನ್ನುತ್ತಾರೆ. ಮಾರ್ಮನ್ನರಂತೂ ಮೂವರೂ ಬೇರೆ ಬೇರೆ, ಉದ್ದೇಶದಲ್ಲಿ ಮಾತ್ರ ಒಂದು ಎಂದು ನೇರವಾಗಿ ಹೇಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ತ್ರಿತ್ವ ಒಪ್ಪದವರೆಲ್ಲ ನಮ್ಮ ತೌಹೀದ್‌ಗೆ ಬಂದರು ಅಂತಲ್ಲ. ಒನ್‌ನೆಸ್ ಪೆಂಟೆಕೊಸ್ತರು ಸಂಖ್ಯೆಯಲ್ಲಿ ಒಬ್ಬನೇ ದೇವರು ಎನ್ನುತ್ತಾರೆ, ಆದರೆ ಆ ದೇವರು ಯೇಸುವೇ ಎನ್ನುತ್ತಾರೆ. ನಮಗೆ ಅದು ನೈಸಿಯಾಕ್ಕಿಂತಲೂ ದೂರ.

ನಾವು ಏನು ಮಾಡಬೇಕು?

ಇಷ್ಟು ಓದಿದ ಮೇಲೂ ನಮ್ಮ ಮತ್ತು ಅವರ ನಡುವಿನ ಭೇದ ಹಾಗೇ ಉಳಿಯುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಈಸಾ(ಅ) ಅಲ್ಲಾಹನ ದಾಸರು, ರಸೂಲರು, ಮರ್ಯಮ್(ಅ)ರಿಗೆ ಹಾಕಿದ ಅವನ ಕಲಿಮಾ. 'ಆಗು' ಎಂಬ ಆಜ್ಞೆಯಿಂದ ಹುಟ್ಟಿದವರು. ಮೂರು ಎನ್ನಬೇಡಿ ಎಂದು ಅನ್ನಿಸಾ ಅಧ್ಯಾಯ ಸ್ಪಷ್ಟವಾಗಿ ತಡೆಯುತ್ತದೆ. 'ಸತ್ವ ಒಂದು, ಉಕ್ನೂಮ್ ಮೂರು' ಎಂಬ ವಿವರಣೆ ನಮ್ಮ ಮುಖ್ಯ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಹುಟ್ಟಿದ, ಹಸಿದ, ಸ್ವತಃ ದುಆ ಮಾಡಿದ ಒಬ್ಬರಿಗೆ ಆರಾಧನೆ ಸಲ್ಲಬಹುದೇ ಎಂಬುದೇ ಆ ಪ್ರಶ್ನೆ. ಅದನ್ನು ಕೇಳುವ ಹಕ್ಕು ನಮಗಿದೆ.

ಆದರೆ ಪ್ರಶ್ನೆ ಸರಿಯಾಗಿರಬೇಕು. ನಾವು ಕಾಬಾದ ಕಲ್ಲನ್ನು ಪೂಜಿಸುತ್ತೇವೆ ಅಂತ ಯಾರಾದರೂ ಹೇಳಿದರೆ ನಮಗೆ ಎಷ್ಟು ನೋವಾಗುತ್ತದೆ? ಕಿಬ್ಲಾ ಅಂದರೆ ದಿಕ್ಕು, ಇಬಾದತ್ ಅಲ್ಲಾಹನಿಗೆ ಅಂತ ಎಷ್ಟು ಸಲ ವಿವರಿಸಿದ್ದೇವೆ! ವಿವರಿಸಿದ ಮೇಲೂ ಕೇಳದೆ ಅದೇ ಮಾತು ಹೇಳುವವರನ್ನು ಕಂಡರೆ ಸಿಟ್ಟು ಬರುತ್ತದೆ. ಈಗಿನ ದಿನಗಳಲ್ಲಿ ಇಂಥ ಅರೆಬರೆ ಮಾತುಗಳಿಂದ ನಮ್ಮ ಸಮುದಾಯ ಪಡುವ ಪಾಡು ನಮಗೆಲ್ಲ ಗೊತ್ತು. ಅದನ್ನೇ ಇನ್ನೊಂದು ಅಲ್ಪಸಂಖ್ಯಾತ ಸಮುದಾಯಕ್ಕೆ ನಾವು ಮಾಡಬಾರದು.

1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಮೌಲಾನಾ ರಹ್ಮತುಲ್ಲಾ ಕೈರಾನ್ವಿ ಮತ್ತು ಪಾದ್ರಿ ಫಾಂಡರ್ ನಡುವೆ ಪ್ರಸಿದ್ಧ ಮುನಾಜರಾ ನಡೆಯಿತು. ಒಪ್ಪಿಕೊಂಡ ವಿಷಯಗಳ ಪಟ್ಟಿಯಲ್ಲಿ ತಸ್ಲೀಸ್ ಕೂಡ ಇತ್ತು. ಆದರೆ ನಸ್ಖ್, ತಹ್ರೀಫ್ ವಿಷಯಗಳಲ್ಲೇ ಎರಡು ದಿನ ಕಳೆದು ಚರ್ಚೆ ನಿಂತಿತು, ತಸ್ಲೀಸ್ ತನಕ ಬರಲೇ ಇಲ್ಲ. ಮೌಲಾನಾ ಅವರ ತಯಾರಿ ಮಾತ್ರ ಗಮನಿಸಬೇಕಾದದ್ದು. ಯುರೋಪಿನ ಕ್ರೈಸ್ತ ವಿದ್ವಾಂಸರ ಗ್ರಂಥಗಳನ್ನೇ ಡಾ. ವಜೀರ್ ಖಾನ್ ನೆರವಿನಿಂದ ತಿಳಿದುಕೊಂಡು ಅವರು ಎದುರು ಕೂತಿದ್ದರು.

ಮಕ್ಕಳು ಮನೆಗೆ ಬಂದು "ಅಬ್ಬಾ, ಅವರಿಗೆ ಮೂರು ದೇವರಂತೆ ಹೌದಾ?" ಅಂತ ಕೇಳಿದರೆ ಹೀಗೆ ಹೇಳಬಹುದು: "ಅವರು ಒಬ್ಬನೇ ದೇವರು ಅಂತಾರೆ ಮಗಾ. ಆ ಒಬ್ಬನಲ್ಲಿ ತಂದೆ, ಮಗ, ಪವಿತ್ರಾತ್ಮ ಇದ್ದಾರೆ ಅಂತ ನಂಬುತ್ತಾರೆ. ಅವರಲ್ಲೂ ಎಲ್ಲರೂ ಇದನ್ನು ಒಪ್ಪಲ್ಲ. ನಾವು ಈಸಾ ಅಲೈಹಿಸ್ಸಲಾಮರನ್ನು ನಬಿ ಅಂತ ಪ್ರೀತಿಸ್ತೇವೆ, ದೇವರು ಅಂತ ಒಪ್ಪಲ್ಲ." ಇಷ್ಟು ಹೇಳಿದರೆ ನಮ್ಮ ಅಕೀದಾದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಆ ಮಗು ಮರುದಿನ ತನ್ನ ಕ್ರೈಸ್ತ ಗೆಳೆಯನ ಜೊತೆ ಕೂತು ಟಿಫಿನ್ ಡಬ್ಬಿ ತೆರೆಯುವಾಗ ಅವನ ಬಗ್ಗೆ ಸುಳ್ಳೊಂದನ್ನು ತಲೆಯಲ್ಲಿ ಇಟ್ಟುಕೊಂಡಿರುವುದಿಲ್ಲ.